ಎಲುಬು ಕಂಡ ಮಾತ್ರಕ್ಕೆ ತಪಸ್ವಿಯೇ? ಇನಾಯತ್ ಖಾನನ ಒಂದು ಸಣ್ಣ ರೇಖಾಚಿತ್ರ



ಕಳೆದ ಶ್ರಾವಣದ ಪ್ರವಚನಮಾಲೆ ನಡೆಯುತ್ತಿದ್ದ ದಿನಗಳಲ್ಲಿ ಹಿರಿಯ ಭಕ್ತರೊಬ್ಬರು ಶ್ರೀಮಠದ ಕಾರ್ಯಾಲಯಕ್ಕೆ ಆಗಮಿಸಿ, ರಟ್ಟಿಗೆ ಅಂಟಿಸಿದ ಒಂದು ಚಿತ್ರವನ್ನು ನಮ್ಮ ಮುಂದಿಟ್ಟರು. ಯಾವುದೋ ಹಳೆಯ ವಾರಪತ್ರಿಕೆಯಿಂದ ಕತ್ತರಿಸಿಕೊಂಡದ್ದು. ಕೆಳಗಿದ್ದ ವಿವರಣೆಯ ಸಾಲು ಕತ್ತರಿಯ ಬಾಯಿಗೆ ಸಿಕ್ಕು ಹೋಗಿತ್ತು. ದಿಂಬುಗಳಿಗೆ ಒರಗಿರುವ ಒಬ್ಬ ಕೃಶಕಾಯದ ಮನುಷ್ಯ. ಅಂಗಿ ತೆರೆದಿದೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು.

"ಸರ, ಇವ್ರು ಯಾವ ಶರಣರು ಅಂತ ಹೇಳ್ರಿ. ತಪಸ್ಸು ಮಾಡಿ ಮಾಡಿ ದೇಹ ಹೆಂಗ ಸೊರಗೇತಿ ನೋಡ್ರಿ. ಕಟ್ಟು ಹಾಕಿಸಿ ಕೊಡ್ತೀನಿ, ದಾಸೋಹದ ಮನಿಯೊಳಗ ಹಾಕೋಣು" ಎಂದರು.

ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಚಿತ್ರವನ್ನು ಎಲ್ಲಿಯೋ ಕಂಡ ನೆನಪು ಮಾತ್ರ ಇತ್ತು. "ಎರಡು ದಿನ ಇಟ್ಟು ಹೋಗ್ರಿ ಗೌಡ್ರ, ನೋಡಿ ಹೇಳ್ತೀವಿ" ಎಂದು ಕಳುಹಿಸಿದೆವು. ಗ್ರಂಥಾಲಯದ ಕಪಾಟಿನಲ್ಲಿದ್ದ ಭಾರತೀಯ ಚಿತ್ರಕಲೆಯ ಗ್ರಂಥವೊಂದನ್ನು ತೆರೆದಾಗ ಅದೇ ಚಿತ್ರ ಎದುರಾಯಿತು. ಅವನು ಶರಣನಲ್ಲ, ಸಂತನಲ್ಲ, ತಪಸ್ವಿಯೂ ಅಲ್ಲ. ಮೊಗಲ್ ಬಾದಶಹ ಜಹಾಂಗೀರನ ಆಪ್ತ ಸೇವಕರಲ್ಲೊಬ್ಬನಾದ ಇನಾಯತ್ ಖಾನ. ಅಫೀಮು ಮತ್ತು ಮದ್ಯದ ಚಟಕ್ಕೆ ಸಿಕ್ಕಿ ಸಾವಿನ ಹೊಸ್ತಿಲಿಗೆ ಬಂದಿದ್ದಾಗ, 1618ರಲ್ಲಿ, ಬಾದಶಹನ ಅಪ್ಪಣೆಯಂತೆ ಬಿಡಿಸಿದ ಚಿತ್ರವದು.

ಹಿರಿಯರ ತಪ್ಪನ್ನು ಎತ್ತಿ ಆಡುವುದು ಈ ಬರಹದ ಉದ್ದೇಶವಲ್ಲ. ಅವರ ಕಣ್ಣು ಅಜ್ಞಾನದ ಕಣ್ಣಾಗಿರಲಿಲ್ಲ. ನಮ್ಮ ನಾಡಿನ ಶಿಲ್ಪವೇ ತಿದ್ದಿ ಬೆಳೆಸಿದ ಕಣ್ಣು ಅದು. ಬಾದಾಮಿಯ ಒಂದನೆಯ ಗುಹೆಯನ್ನು ನೋಡಿದವರು ಅರ್ಧನಾರೀಶ್ವರನ ಪಕ್ಕದಲ್ಲಿ ನಿಂತ ಭೃಂಗಿಯನ್ನು ಮರೆತಿರಲಾರರು. ಮಾಂಸವೆಲ್ಲ ಇಂಗಿಹೋಗಿ ಎಲುಬಿನ ಗೂಡಾಗಿ ಉಳಿದ ಆ ಭಕ್ತ ಕೈಮುಗಿದು ನಿಂತಿದ್ದಾನೆ. ಶಿವನೊಬ್ಬನಿಗೇ ಪ್ರದಕ್ಷಿಣೆ ಬರುವೆನೆಂದು ಹಟ ಹಿಡಿದು, ದೇವಿಯ ಮುನಿಸಿಗೆ ತುತ್ತಾಗಿ ರಕ್ತಮಾಂಸಗಳನ್ನು ಕಳೆದುಕೊಂಡವನ ಕಥೆಯದು. ತಮಿಳುನಾಡಿನ ಕಂಚಿನ ಮೂರ್ತಿಗಳಲ್ಲಿ ಕಾರೈಕ್ಕಾಲ್ ಅಮ್ಮೈಯಾರ್ ಇದೇ ಬಗೆಯಾಗಿ ಅಸ್ಥಿಮಾತ್ರ ಶರೀರೆ. ಗಾಂಧಾರದ ಶಿಲ್ಪಿಗಳು ಕಡೆದ ಉಪವಾಸನಿರತ ಸಿದ್ಧಾರ್ಥನ ಪ್ರಸಿದ್ಧ ವಿಗ್ರಹ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಪಕ್ಕೆಲುಬುಗಳ ಮೇಲೆ ಹರಿದ ನರಗಳೂ ಎದ್ದು ಕಾಣುತ್ತವೆ. ಇಷ್ಟೆಲ್ಲವನ್ನು ನೋಡಿದ, ಅಥವಾ ನೋಡಿದವರಿಂದ ಕೇಳಿದ ಜನರಿಗೆ ಸೊರಗಿದ ದೇಹವೆಂದರೆ ಸಾಧನೆಯ ಗುರುತು. ಆದ್ದರಿಂದ ಹಿರಿಯರ ಊಹೆ ಸಹಜವಾದುದೇ.

ಆದರೂ ಆ ಊಹೆಯನ್ನು ಚಿತ್ರವೇ ತಡೆಯುತ್ತದೆ. ಗ್ರಂಥ ತೆರೆಯುವ ಮೊದಲೇ, ಹೆಸರು ತಿಳಿಯುವ ಮೊದಲೇ, ನಾವು ಇನ್ನಷ್ಟು ಹೊತ್ತು ನೋಡಿದ್ದರೆ ಅದು ತಿಳಿಯಬೇಕಾಗಿತ್ತು. ಸಿದ್ಧಾರ್ಥನ ವಿಗ್ರಹದಲ್ಲಿ ಎಲುಬುಗಳ ಹಿಂದೆ ಒಂದು ನೆಟ್ಟನೆಯ ಬೆನ್ನಿದೆ. ಪದ್ಮಾಸನ ಸಡಿಲಿಲ್ಲ, ತೊಡೆಯ ಮೇಲಿಟ್ಟ ಕೈಗಳು ತಮ್ಮ ಸ್ಥಾನವನ್ನು ಬಿಟ್ಟಿಲ್ಲ. ಭೃಂಗಿ ತನ್ನ ಕಾಲ ಮೇಲೆ ತಾನು ನಿಂತಿದ್ದಾನೆ. ದೇಹ ಕರಗಿದರೂ ದೇಹವನ್ನು ಹಿಡಿದು ನಿಲ್ಲಿಸುವ ಶಕ್ತಿ ಕರಗಿಲ್ಲವೆಂಬುದನ್ನೇ ಶಿಲ್ಪಿ ಹೇಳಹೊರಟಿದ್ದಾನೆ. ಇನಾಯತ್ ಖಾನನ ಚಿತ್ರದಲ್ಲಿ ದೇಹವನ್ನು ಹಿಡಿದಿರುವುದು ದಿಂಬುಗಳು. ಬೆನ್ನಿಗೆ ದೊಡ್ಡ ಲೋಡು, ಆಸರೆಗೆ ಮತ್ತಷ್ಟು ದಿಂಬುಗಳು. ಅವುಗಳನ್ನು ಸರಿಸಿದರೆ ಮನುಷ್ಯ ಕುಸಿಯುತ್ತಾನೆ. ತೋಳುಗಳು ಏನನ್ನೂ ಹಿಡಿದಿಲ್ಲ, ಏನನ್ನೂ ಮಾಡುತ್ತಿಲ್ಲ, ಇಟ್ಟಲ್ಲಿ ಬಿದ್ದಿವೆ. ತಪಸ್ವಿಯ ಚಿತ್ರವನ್ನು ರೋಗಿಯ ಚಿತ್ರದಿಂದ ಬೇರ್ಪಡಿಸಿ ತಿಳಿಯಬೇಕಾದರೆ ಎಲುಬನ್ನಲ್ಲ, ಬೆನ್ನನ್ನು ನೋಡಬೇಕು.

ಚಿತ್ರದ ಅಳತೆ ಬಹಳ ಸಣ್ಣದು. ಸುಮಾರು 9.5 ಸೆಂಟಿಮೀಟರ್ ಎತ್ತರ, 13.3 ಸೆಂಟಿಮೀಟರ್ ಅಗಲ. ಅಂದರೆ ನಮ್ಮ ಅಂಚೆಕಾರ್ಡಿನಷ್ಟು ಎಂದು ತಿಳಿಯಬಹುದು. ಕಾಗದದ ಮೇಲೆ ಮಸಿಯ ಗೆರೆಗಳು, ಅಲ್ಲಲ್ಲಿ ತೆಳುವಾಗಿ ಹಾಯಿಸಿದ ಬಣ್ಣ. ಹಿನ್ನೆಲೆ ಖಾಲಿ. ಇಂದು ಇದು ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿದೆ. ವಿಕ್ಟರ್ ಗೊಲುಬೆವ್ ಎಂಬ ರಷ್ಯನ್ ಸಂಗ್ರಾಹಕನ ಬಳಿಯಿದ್ದ ಪೌರಸ್ತ್ಯ ಚಿತ್ರಗಳ ಸಂಗ್ರಹದೊಡನೆ 1914ರಲ್ಲಿ ಅಲ್ಲಿಗೆ ಸೇರಿತು. ಆ ಸಂಗ್ರಹದ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸಿದವರು ನಮ್ಮ ಓದುಗರಲ್ಲಿ ಅನೇಕರಿಗೆ ಶಿವತಾಂಡವದ ಕುರಿತ ಪ್ರಬಂಧದಿಂದ ಪರಿಚಿತರಾದ ಆನಂದ ಕುಮಾರಸ್ವಾಮಿಯವರು. ಅದು ಫ್ರೆಂಚ್ ಭಾಷೆಯಲ್ಲಿ 1929ರಲ್ಲಿ ಪ್ರಕಟವಾಯಿತು. ಇದೇ ಮನುಷ್ಯನನ್ನು ಇದೇ ಭಂಗಿಯಲ್ಲಿ ಚಿತ್ರಿಸಿದ, ಪೂರ್ಣ ವರ್ಣಗಳ ಇನ್ನೊಂದು ಕೃತಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದು ಇದಕ್ಕಿಂತ ಸ್ವಲ್ಪ ದೊಡ್ಡದು.

ಈ ಚಿತ್ರದ ಹಿಂದಿನ ಕಥೆ ನಮಗೆ ತಿಳಿದಿರುವುದು ಜಹಾಂಗೀರನೇ ಫಾರಸಿಯಲ್ಲಿ ಬರೆದುಕೊಂಡ ಆತ್ಮಕಥನದಿಂದ. ಚಿತ್ರವೊಂದಕ್ಕೆ, ಅದನ್ನು ಬರೆಸಿದವನ ಕೈಯಿಂದಲೇ ಇಷ್ಟು ವಿವರವಾದ ಸಾಕ್ಷ್ಯ ದೊರೆಯುವುದು ಅಪರೂಪ. ಅವನ ಮಾತಿನ ಸಾರಾಂಶ ಹೀಗಿದೆ: ಇನಾಯತ್ ಖಾನ ತನಗೆ ಹತ್ತಿರದವನು. ಅಫೀಮು ತಿನ್ನುವ ಅಭ್ಯಾಸವಿತ್ತು. ಸಿಕ್ಕಾಗ ಮದ್ಯವನ್ನೂ ಕುಡಿಯುತ್ತಿದ್ದ. ಬರಬರುತ್ತ ಮದ್ಯದ ಹುಚ್ಚು ಹಿಡಿಯಿತು. ಮೊದಲೇ ದುರ್ಬಲವಾದ ಮೈ, ತಾಳಲಾರದಷ್ಟು ಕುಡಿತ. ಭೇದಿ ಹತ್ತಿತು, ಅಪಸ್ಮಾರದಂತೆ ಎರಡು ಮೂರು ಸಲ ಮೂರ್ಛೆ ಬಂದಿತು. ಬಾದಶಹನ ಅಪ್ಪಣೆಯಂತೆ ಹಕೀಮ ರುಕ್ನಾ ಚಿಕಿತ್ಸೆ ಮಾಡಿದ, ಫಲ ಕಾಣಲಿಲ್ಲ. ಅದರ ಮೇಲೆ ವಿಚಿತ್ರವಾದ ಹಸಿವು ಬೇರೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಉಣ್ಣಬಾರದೆಂದು ವೈದ್ಯ ಎಷ್ಟು ಹೇಳಿದರೂ ತಡೆದುಕೊಳ್ಳಲಾರದೆ ಹುಚ್ಚನಂತಾಡುತ್ತಿದ್ದ. ಕೊನೆಗೆ ಜಲೋದರವೂ ಸೇರಿ ಸೊರಗಿ ಹೋದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಹಿರಿಯ ಭಕ್ತರು ಉಪವಾಸದ ಫಲವೆಂದು ತಿಳಿದ ಆ ದೇಹ, ವಾಸ್ತವವಾಗಿ ಅಡಗದ ಹಸಿವಿನ ದೇಹ. ಎರಡಕ್ಕೂ ಎಲುಬು ಒಂದೇ ತೆರನಾಗಿ ಕಾಣುತ್ತದೆ. ಹೊರಗಣ ನೋಟವೊಂದರಿಂದಲೇ ಒಳಗಣ ಕಾರಣವನ್ನು ನಿರ್ಧರಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನಮಗೆ ದೊರೆತಿಲ್ಲ.

ಮುಂದಿನ ಭಾಗ ಇನ್ನೂ ಮುಖ್ಯವಾದುದು. ತನ್ನನ್ನು ಮುಂದಾಗಿ ಆಗ್ರಾಕ್ಕೆ ಹೋಗಗೊಡಬೇಕೆಂದು ಇನಾಯತ್ ಖಾನ ಬೇಡಿಕೊಂಡ. ಬೀಳ್ಕೊಡುವ ಮೊದಲು ತನ್ನ ಬಳಿಗೆ ಕರೆತರಲು ಬಾದಶಹ ಹೇಳಿದ. ಪಲ್ಲಕ್ಕಿಯಲ್ಲಿ ಹೊತ್ತು ತಂದರು. ನೋಡಿ ಬಾದಶಹ ಬೆರಗಾದ. ಕೃಶರಾದವರನ್ನು ಬರೆಯುವಾಗ ಚಿತ್ರಕಾರರು ಬಹಳ ಉತ್ಪ್ರೇಕ್ಷೆ ಮಾಡುವುದುಂಟು. ಆದರೆ ಅವರ ಉತ್ಪ್ರೇಕ್ಷೆಯಲ್ಲಿಯೂ ಇಂಥದನ್ನು ತಾನು ಕಂಡಿರಲಿಲ್ಲ, ಮನುಷ್ಯನಾಗಿ ಹುಟ್ಟಿದವನು ಈ ಆಕಾರಕ್ಕೆ ಬರುವುದುಂಟೇ ಎಂಬುದು ಅವನ ಉದ್ಗಾರದ ಭಾವ. ಅದು ಅಷ್ಟು ವಿಚಿತ್ರವಾಗಿ ಕಂಡುದರಿಂದ ಅವನ ರೂಪವನ್ನು ಬರೆಯುವಂತೆ ಚಿತ್ರಕಾರರಿಗೆ ಆಜ್ಞೆ ಮಾಡಿದ. ಇಂಥ ಹೊತ್ತಿನಲ್ಲಿ ದೇವರನ್ನು ಮರೆಯಬಾರದೆಂದು ರೋಗಿಗೆ ಬುದ್ಧಿ ಹೇಳಿದ, ದಾರಿಯ ಖರ್ಚಿಗೆ ಹಣ ಕೊಟ್ಟ, ಹೋಗಲು ಅಪ್ಪಣೆಯಿತ್ತ.

ಒಬ್ಬ ಮನುಷ್ಯ ಸಾಯುತ್ತಿದ್ದಾನೆ. ಅವನನ್ನು ಕಂಡು ಮೊದಲು ತೋಚಿದ್ದು ಚಿತ್ರ ಬರೆಸುವುದು! ಓದಿದಾಗ ನಮಗೂ ಮನಸ್ಸು ಕಹಿಯಾಯಿತು. ಇದನ್ನು ಅರಸನ ಕ್ರೌರ್ಯವೆಂದು ತೀರ್ಮಾನಿಸುವವರು ಉಂಟು. ಆದರೆ ಆ ಆಜ್ಞೆಯನ್ನು ಒಂಟಿಯಾಗಿ ನೋಡದೆ ಜಹಾಂಗೀರನ ಸ್ವಭಾವದೊಡನೆ ಇಟ್ಟು ನೋಡುವುದು ನ್ಯಾಯ. ಅವನು ಕಂಡದ್ದನ್ನೆಲ್ಲ ಬರೆಯಿಸಿಟ್ಟುಕೊಳ್ಳುವವನು. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಹಿಂದೆಂದೂ ನೋಡದ ಪ್ರಾಣಿಪಕ್ಷಿಗಳನ್ನು ತಂದಾಗ ಅವುಗಳ ರೂಪವನ್ನು ಮಾತಿನಲ್ಲಿ ವರ್ಣಿಸಿದ್ದಲ್ಲದೆ ಚಿತ್ರಗಳನ್ನೂ ಬರೆಸಿದ. ಅವುಗಳಲ್ಲಿ ಟರ್ಕಿ ಕೋಳಿಯೂ ಒಂದು. ಮುತ್ತಜ್ಜ ಬಾಬರ್ ಪ್ರಾಣಿಗಳ ವಿಷಯ ಬರೆದಿದ್ದರೂ ಚಿತ್ರ ಬರೆಸಲಿಲ್ಲವೆಂಬುದನ್ನು ಅಲ್ಲಿಯೇ ನೆನೆಯುತ್ತಾನೆ. 1621ರಲ್ಲಿ ಪಟ್ಟೆಕುದುರೆ, ಅಂದರೆ ಜೀಬ್ರಾ, ಬಂದಾಗ ಮನ್ಸೂರನೆಂಬ ಚಿತ್ರಕಾರ ಅದನ್ನು ಬರೆದ. ಪರ್ಷಿಯಾದ ಷಾ ಅಬ್ಬಾಸನ ಮುಖಚರ್ಯೆ ಹೇಗಿದೆಯೆಂದು ತಿಳಿಯಲು ರಾಯಭಾರಿಯೊಡನೆ ಬಿಷನ್ ದಾಸ್ ಎಂಬ ಚಿತ್ರಕಾರನನ್ನೇ ಕಳುಹಿಸಿದ. ಆಂಗ್ಲ ರಾಯಭಾರಿ ಥಾಮಸ್ ರೋ 1616ರಲ್ಲಿ ತಂದು ತೋರಿಸಿದ ಸಣ್ಣ ಭಾವಚಿತ್ರವೊಂದನ್ನು ಆಸ್ಥಾನದ ಚಿತ್ರಕಾರರಿಂದ ನಕಲು ಮಾಡಿಸಿ, ಮೂಲ ಯಾವುದೆಂದು ಗುರುತಿಸಲು ದೀಪದ ಬೆಳಕಿನಲ್ಲಿ ರೋನಿಗೇ ಸವಾಲು ಹಾಕಿದ. ರೋ ತಡವರಿಸಿದ ಸಂಗತಿಯನ್ನು ರೋನೇ ಬರೆದಿದ್ದಾನೆ.

ಅರಸನಿಗೆ ನೋಡುವುದೆಂದರೆ ಬರೆಸಿ ಇಡುವುದು ಎಂದಾಗಿತ್ತು. ಇಷ್ಟನ್ನು ಹೇಳಿದ ಮಾತ್ರಕ್ಕೆ ಆಕ್ಷೇಪ ಮುಗಿಯುವುದಿಲ್ಲ. ಟರ್ಕಿ ಕೋಳಿಯನ್ನು ನೋಡುವ ಕಣ್ಣಿನಿಂದಲೇ ಸಾಯುತ್ತಿರುವ ಗೆಳೆಯನನ್ನೂ ನೋಡಿದನೆಂಬುದು ಸಮರ್ಥನೆಯಾಗುವುದಕ್ಕಿಂತ ಹೆಚ್ಚಾಗಿ ಇನ್ನೊಂದು ದೋಷಾರೋಪಣೆಯೇ ಆಗಬಹುದು.

ಆದರೆ ಜಹಾಂಗೀರನು ಆ ಎಲುಬಿನ ಗೂಡಿನಲ್ಲಿ ಕಂಡದ್ದು ಕೇವಲ ವಿಚಿತ್ರವಸ್ತುವನ್ನೇ? ಅದೇ ಆತ್ಮಕಥನದಲ್ಲಿ ಅವನು ತನ್ನ ಕುಡಿತವನ್ನೂ ಮುಚ್ಚಿಟ್ಟಿಲ್ಲ. ಯೌವನದಲ್ಲಿ ಪ್ರಾರಂಭವಾದದ್ದು ದಿನಕ್ಕೆ ಇಪ್ಪತ್ತು ಬಟ್ಟಲು ಎರಡು ಸಲ ಬಟ್ಟಿಯಿಳಿಸಿದ ಮದ್ಯದವರೆಗೆ ಮುಟ್ಟಿತ್ತು. ಕೈ ನಡುಗಿ ಬಟ್ಟಲು ಹಿಡಿಯಲಾರದೆ ಇತರರು ಕುಡಿಸಬೇಕಾಗುತ್ತಿತ್ತು. ಹೀಗೆಯೇ ಮುಂದುವರಿದರೆ ಆರು ತಿಂಗಳಲ್ಲಿ ಔಷಧವೇ ಇಲ್ಲದ ಸ್ಥಿತಿ ಬರುವುದೆಂದು ಹಕೀಮ ಹುಮಾಮ್ ಮುಖಕ್ಕೆ ಹೇಳಿದ ಮೇಲೆ ವರ್ಷಗಟ್ಟಲೆ ಪ್ರಯತ್ನಿಸಿ ಆರು ಬಟ್ಟಲಿಗೆ ಇಳಿಸಿದ. ಬಿಡಲಂತೂ ಇಲ್ಲ, ಅಫೀಮೂ ಸೇರಿಕೊಂಡಿತು. ಅವನ ತಮ್ಮಂದಿರಾದ ಮುರಾದ್ ಮತ್ತು ದಾನಿಯಾಲ್ ಇಬ್ಬರೂ ದಖ್ಖನಿನ ದಂಡಯಾತ್ರೆಯ ಕಾಲದಲ್ಲಿ ಕುಡಿತದಿಂದಲೇ ಸತ್ತರು. ಕಾವಲಿಟ್ಟು ಮದ್ಯ ತಡೆದಾಗ, ದಾನಿಯಾಲನ ಸೇವಕರು ಅವನ ಕೋವಿಯ ನಳಿಗೆಯಲ್ಲಿಯೇ ಅದನ್ನು ತುಂಬಿ ತಂದುಕೊಟ್ಟರೆಂದೂ, ಅದನ್ನು ಕುಡಿದೇ ಅವನು ಹಾಸಿಗೆ ಹಿಡಿದನೆಂದೂ ಜಹಾಂಗೀರನೇ ಬರೆಯುತ್ತಾನೆ.

ಇಂಥವನ ಮುಂದೆ ಪಲ್ಲಕ್ಕಿ ಇಳಿದಾಗ ಅವನಿಗೆ ಏನು ಅನ್ನಿಸಿತು? ತನ್ನ ಕನ್ನಡಿಯನ್ನೇ ನೋಡಿದಂತೆ ಬೆಚ್ಚಿದನೆಂದು ಬರೆದುಬಿಡಲು ನಮ್ಮ ಲೇಖನಿಗೂ ಆಸೆಯಾಗುತ್ತದೆ. ಹಾಗೆ ಬರೆಯಲು ಆಧಾರವಿಲ್ಲ. ಇನಾಯತ್ ಖಾನನ ಪ್ರಸಂಗದಲ್ಲಿ ಅವನು ತನ್ನ ಹೆಸರನ್ನು ತರುವುದಿಲ್ಲ. ಎರಡು ಸಂಗತಿಗಳೂ ಒಂದೇ ಗ್ರಂಥದಲ್ಲಿವೆ, ಬೇರೆ ಬೇರೆ ಹಾಳೆಗಳಲ್ಲಿವೆ. ಅವುಗಳ ನಡುವೆ ಗೆರೆ ಎಳೆಯುವವರು ಓದುಗರಾದ ನಾವು. ಗೆರೆ ಎಳೆಯಬಾರದೆಂದಲ್ಲ, ಎಳೆದವರು ನಾವೆಂಬುದನ್ನು ಮರೆಯಬಾರದು.

ಅರಸನ ವಿಷಯ ಅಷ್ಟಿರಲಿ. ಚಿತ್ರವನ್ನು ಬರೆದವನು ಅರಸನಲ್ಲ. ಈ ಅಂಶವನ್ನು ಅನೇಕರು ಹಾರಿಸಿ ಮುಂದೆ ಹೋಗುತ್ತಾರೆ. ಬೆರಗು ಅರಸನದು, ಕುಂಚ ಇನ್ನೊಬ್ಬನದು. ಆ ಇನ್ನೊಬ್ಬ ಯಾರು? ಚಿತ್ರದಲ್ಲಿ ಹೆಸರಿಲ್ಲ. ಬಾಲಚಂದ್ ಎಂದು ಕೆಲವು ವಿದ್ವಾಂಸರು, ಗೋವರ್ಧನ ಎಂದು ಮತ್ತೆ ಕೆಲವರು. ಎರಡೂ ಜಹಾಂಗೀರನ ಚಿತ್ರಶಾಲೆಯ ದೊಡ್ಡ ಹೆಸರುಗಳೇ. ಇದೇ 1618ರಲ್ಲಿ ಅಬುಲ್ ಹಸನ್ ಎಂಬ ಚಿತ್ರಕಾರನಿಗೆ ಬಿರುದು ಕೊಡುವ ಸಂದರ್ಭದಲ್ಲಿ ಜಹಾಂಗೀರ್, ಚಿತ್ರವೊಂದನ್ನು ನೋಡಿದೊಡನೆ ಯಾರು ಬರೆದದ್ದೆಂದು ಹೇಳಬಲ್ಲೆ, ಒಂದೇ ಮುಖದಲ್ಲಿ ಹುಬ್ಬನ್ನೊಬ್ಬ ಕಣ್ಣನ್ನೊಬ್ಬ ಬರೆದಿದ್ದರೂ ಗುರುತಿಸಬಲ್ಲೆ ಎಂದು ಹೆಮ್ಮೆಪಟ್ಟುಕೊಂಡಿದ್ದಾನೆ. ಅಂಥವನು ಇಲ್ಲಿ ಬರೆದದ್ದು ಚಿತ್ರಕಾರರಿಗೆ ಹೇಳಿದೆ ಎಂದಷ್ಟೇ. ಹೆಸರಿನ ಗೋಜಿಗೆ ಹೋಗಲಿಲ್ಲ.

ಆ ಅನಾಮಿಕನ ಮುಂದೆ ಆ ದಿನ ಇದ್ದ ಕೆಲಸದ ಸ್ವರೂಪವನ್ನು ಯೋಚಿಸಿ. ಆಸ್ಥಾನದ ಭಾವಚಿತ್ರಕ್ಕೆ ಒಂದು ಪದ್ಧತಿ ಇತ್ತು. ಅಕ್ಬರನು ತಾನೂ ಕುಳಿತು, ಎಲ್ಲ ಸರದಾರರ ರೂಪಗಳನ್ನೂ ಬರೆಸಿ ದೊಡ್ಡ ಚಿತ್ರಸಂಪುಟವೊಂದನ್ನು ಮಾಡಿಸಿದನೆಂದು ಅಬುಲ್ ಫಜಲ್ ದಾಖಲಿಸಿದ್ದಾನೆ. ಗತಿಸಿದವರಿಗೆ ಅದರಿಂದ ಹೊಸ ಜೀವ ಬಂದಿತೆಂಬುದು ಅವನ ಮಾತಿನ ಭಾವ. ಅಂಥ ಭಾವಚಿತ್ರಗಳಲ್ಲಿ ಸರದಾರ ನಿಂತಿರುತ್ತಾನೆ. ಮುಖ ಪಕ್ಕಕ್ಕೆ ತಿರುಗಿರುತ್ತದೆ. ನಡುಪಟ್ಟಿ, ಪೇಟ, ಆಯುಧ ಎಲ್ಲವೂ ಅವನ ಸ್ಥಾನವನ್ನು ಹೇಳುತ್ತವೆ. ಇನಾಯತ್ ಖಾನನದೂ ಅಂಥದೊಂದು ಚಿತ್ರ ಉಳಿದಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಮೊಗಲ್ ಸಂಪುಟದ ಒಂದು ಹಾಳೆಯಲ್ಲಿ ನಾಲ್ಕು ಸಣ್ಣ ಭಾವಚಿತ್ರಗಳಿವೆ. ಅವುಗಳಲ್ಲೊಂದು ದೌಲತ್ ಎಂಬ ಚಿತ್ರಕಾರ ಬರೆದ ಇನಾಯತ್ ಖಾನನದು. ಆರೋಗ್ಯವಂತನಾಗಿ ನಿಂತಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುವವರೆಗೆ ಬಾಸ್ಟನ್ನಿನ ಚಿತ್ರದ ಅರ್ಧ ಅರ್ಥ ನಮಗೆ ಆಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಏಕೆಂದರೆ, ಸಾಯುತ್ತಿರುವವನನ್ನು ಬರೆಯುವಾಗಲೂ ಚಿತ್ರಕಾರ ಆ ಪದ್ಧತಿಯ ಒಂದು ಅಂಶವನ್ನು ಬಿಟ್ಟುಕೊಡಲಿಲ್ಲ. ಮುಖ ಪಕ್ಕನೋಟದಲ್ಲಿಯೇ ಇದೆ. ತಲೆಯ ಮೇಲೆ ಟೊಪ್ಪಿಗೆ ಇದೆ. ಕೆನ್ನೆ ಒಳಸೇರಿ ಮೂಗು ಚೂಪಾಗಿ ಎದ್ದಿದೆ, ಕತ್ತಿನ ನರಗಳು ಕಾಣುತ್ತವೆ. ಆದರೂ ದರ್ಬಾರಿನ ಸರದಾರನಿಗೆ ಸಲ್ಲಬೇಕಾದ ನೋಟದಲ್ಲಿಯೇ ಅವನನ್ನು ಬರೆದಿದ್ದಾನೆ. ಕುತೂಹಲದ ವಸ್ತುವೊಂದನ್ನು ದಾಖಲಿಸುವುದಷ್ಟೇ ಉದ್ದೇಶವಾಗಿದ್ದರೆ ಈ ಮರ್ಯಾದೆಯ ಅಗತ್ಯವಿರಲಿಲ್ಲ. ಅರಸನು ಕೇಳಿದ್ದು ವಿಚಿತ್ರವನ್ನು. ಚಿತ್ರಕಾರ ಕೊಟ್ಟದ್ದು ಒಬ್ಬ ಮನುಷ್ಯನ ಭಾವಚಿತ್ರವನ್ನು. ನಮ್ಮ ಓದು ನಿಂತಿರುವುದು ಈ ಒಂದು ಮಾತಿನ ಮೇಲೆ.

ಇನ್ನೊಂದು ವಿಶೇಷ. ಕೃಶದೇಹವನ್ನು ಬರೆಯುವ ಚಿತ್ರಕಾರರು ಉತ್ಪ್ರೇಕ್ಷೆ ಮಾಡುತ್ತಾರೆಂದು ಬಾದಶಹನೇ ಹೇಳಿದ್ದನಷ್ಟೆ? ಇಲ್ಲಿ ಉತ್ಪ್ರೇಕ್ಷೆ ಇಲ್ಲ. ಅಳಿಲಿನ ಬಾಲದ ಕೂದಲಿನಿಂದ ಮಾಡಿದ ಕುಂಚಗಳು ಆ ಚಿತ್ರಶಾಲೆಯಲ್ಲಿ ಬಳಕೆಯಲ್ಲಿದ್ದವು. ಕೆಲವೇ ಕೂದಲಿನ ತುದಿಯಿಂದ ಎಳೆದ ಗೆರೆ ಎಷ್ಟು ಹಗುರವೆಂದರೆ, ಪಕ್ಕೆಲುಬನ್ನು ಕೆತ್ತಿ ತೋರಿಸುವುದಿಲ್ಲ, ಚರ್ಮದ ಕೆಳಗೆ ಇದೆಯೆಂದು ಸೂಚಿಸುತ್ತದೆ. ದಿಂಬುಗಳು ದೊಡ್ಡವಾಗಿ, ಉಬ್ಬಿ, ತುಂಬಿಕೊಂಡಿವೆ. ಅವುಗಳ ನಡುವೆ ಮನುಷ್ಯನಿಗೇ ತೂಕವಿಲ್ಲ. ಭಯಾನಕವಾಗಿಸುವ ಯತ್ನವನ್ನು ಎಲ್ಲಿಯೂ ಮಾಡದೆ ಇಷ್ಟನ್ನು ಸಾಧಿಸಿದ್ದಾನೆ.

ಕಣ್ಣಿನ ವಿಷಯದಲ್ಲಿ ಮಾತ್ರ ಜಾಗರೂಕರಾಗಬೇಕು. ಈ ಚಿತ್ರವನ್ನು ಕುರಿತು ಬರೆಯುವವರು ಆ ಕಣ್ಣಿನಲ್ಲಿ ಭೀತಿ ಕಾಣುತ್ತಾರೆ, ನಿರಾಶೆ ಕಾಣುತ್ತಾರೆ, ಶಾಂತಿಯನ್ನೂ ಕಾಣುತ್ತಾರೆ. ಕಾಗದದ ಮೇಲಿರುವುದು ತೆರೆದ ಒಂದು ಕಣ್ಣು. ಉಳಿದದ್ದನ್ನು ನಾವು ತುಂಬುತ್ತಿದ್ದೇವೆ. ಕುಡಿತದಿಂದ ಸತ್ತನೆಂದು ಮೊದಲೇ ಓದಿದವರಿಗೆ ಪಶ್ಚಾತ್ತಾಪ ಕಾಣುತ್ತದೆ. ಶರಣನೆಂದು ನಂಬಿ ನೋಡಿದ ನಮ್ಮ ಹಿರಿಯರಿಗೆ ಅದೇ ಕಣ್ಣಿನಲ್ಲಿ ಧ್ಯಾನ ಕಂಡಿತ್ತು.

ಆಕ್ಸ್‌ಫರ್ಡಿನ ವರ್ಣಚಿತ್ರದಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿ ಕೋಣೆಯಿದೆ, ನೆಲಕ್ಕೆ ಜಮಖಾನೆಯಿದೆ, ಗೋಡೆಯಲ್ಲಿ ಗೂಡುಗಳಿವೆ, ಗೂಡುಗಳಲ್ಲಿ ಸೀಸೆಗಳಿವೆ. ಸೀಸೆ ಕಂಡೊಡನೆ ಮದ್ಯವೆಂದು, ಅದೇ ಅವನ ಸಾವಿನ ಕಾರಣವನ್ನು ಸೂಚಿಸುವ ಸಂಕೇತವೆಂದು ಹೇಳುವುದು ಸುಲಭ. ಆದರೆ ಮೊಗಲರ ಕಾಲದ ಎಷ್ಟೋ ಚಿತ್ರಗಳಲ್ಲಿ ಮನೆಯ ಗೋಡೆಗೂಡಿನಲ್ಲಿ ಇಂಥ ಸೀಸೆಗಳನ್ನು ಅಲಂಕಾರವಾಗಿ ಇಟ್ಟಿರುತ್ತಾರೆ. ರೋಗಿಯ ಕೋಣೆಯಲ್ಲಿ ಔಷಧವೂ ಇರಬಹುದಲ್ಲವೇ? ವರ್ಣಚಿತ್ರ ಹೆಚ್ಚು ಪೂರ್ಣವಾದುದು, ಸಂಯೋಜನೆಯಲ್ಲಿ ಹೆಚ್ಚು ಗಂಭೀರವಾದುದು, ನೋಡುಗರಿಗೆ ಹೆಚ್ಚು ಪರಿಚಿತವೂ ಹೌದು. ರೇಖಾಚಿತ್ರವೇ ಮೊದಲು, ರೋಗಿಯ ಎದುರಿನಲ್ಲಿ ಬರೆದದ್ದು, ಅದನ್ನು ಆಧರಿಸಿ ವರ್ಣಚಿತ್ರ ಸಿದ್ಧವಾಯಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ನಮ್ಮ ಮನಸ್ಸು ರೇಖಾಚಿತ್ರದ ಕಡೆಗೇ ವಾಲುತ್ತದೆ. ಅದರಲ್ಲಿ ಗೋಡೆಯಿಲ್ಲ, ಸೀಸೆಯಿಲ್ಲ, ಕಾರಣ ಹೇಳುವ ಯಾವ ವಸ್ತುವೂ ಇಲ್ಲ. ಚಟದ ಫಲ ನೋಡಿರೆಂದು ಬೆರಳು ಮಾಡಿ ತೋರಿಸುವ ಕೆಲಸವನ್ನು ಆ ಚಿತ್ರಕಾರ ಮಾಡಲಿಲ್ಲ. ಆ ಕೆಲಸ ಮಾಡಿದ್ದು ಬಾದಶಹನ ಬರಹ.

ಶ್ರೀಮಠದ ವತಿಯಿಂದ ವ್ಯಸನಮುಕ್ತಿಯ ಕಾರ್ಯಕ್ರಮಗಳನ್ನು ನಡೆಸುವವರು ನಾವು. ಆದ್ದರಿಂದ ಈ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕುಡಿತದ ಪರಿಣಾಮ ಎಂದು ಬರೆದು ಹಳ್ಳಿಹಳ್ಳಿಗಳಲ್ಲಿ ಹಚ್ಚಬಹುದಲ್ಲ ಎಂದು ಕಾರ್ಯಾಲಯದ ಕಿರಿಯ ಮಿತ್ರರೊಬ್ಬರು ಸಲಹೆ ಮಾಡಿದರು. ಸದುದ್ದೇಶದ ಸಲಹೆಯೇ. ನಾವು ಒಪ್ಪಲಿಲ್ಲ. ನಾಲ್ಕುನೂರು ವರ್ಷಗಳ ಹಿಂದೆ ಆ ಮನುಷ್ಯನನ್ನು ಕೇಳದೆ ಅವನ ದೇಹವನ್ನು ಪ್ರದರ್ಶನಕ್ಕಿಟ್ಟದ್ದು ತಪ್ಪೆಂದು ಒಂದು ಬಾಯಲ್ಲಿ ಹೇಳಿ, ಇನ್ನೊಂದು ಕೈಯಲ್ಲಿ ಅದನ್ನೇ ಮಾಡಲಾಗದು. ಚಟದಲ್ಲಿರುವವರ ಮನೆಯವರು ಕಾರ್ಯಕ್ರಮಕ್ಕೆ ಬರುತ್ತಾರೆ. ತಮ್ಮ ಮನೆಯ ಹಾಸಿಗೆಯಲ್ಲಿರುವವನನ್ನೇ ಗೋಡೆಯ ಮೇಲೆ ಕಾಣುವ ತಾಯಿಯೊಬ್ಬಳನ್ನು ನೆನೆದರೆ ನಮಗೆ ಕೈ ಬರಲಿಲ್ಲ. ನಮ್ಮ ಈ ನಿಲುವನ್ನು ಒಪ್ಪದವರೂ ಇರಬಹುದು.

ಚಿತ್ರ ಬರೆಸಿದ್ದು ಸರಿಯೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಆಗ್ರಾಕ್ಕೆ ಹೋಗಬೇಕೆಂದು ಬೇಡಿದವನನ್ನು, ಬದುಕಿನ ಕೊನೆಯ ದಿನಗಳಲ್ಲಿ, ಪಲ್ಲಕ್ಕಿಯಲ್ಲಿ ತರಿಸಿ ಚಿತ್ರಕಾರರ ಎದುರಿಗೆ ಒರಗಿಸಿದ್ದು ಸರಿಯಲ್ಲ. ಅವನು ಕೇಳಿದ್ದು ದಾರಿಯನ್ನು. ಆದರೆ ಆ ಅನುಚಿತವಾದ ಆಜ್ಞೆಯನ್ನು ಪಾಲಿಸಲು ಕುಳಿತ ಯಾವನೋ ಒಬ್ಬ, ಅಂಗೈಯಗಲದ ಕಾಗದದ ಮೇಲೆ, ನಾಲ್ಕು ಶತಮಾನಗಳ ಅನಂತರವೂ ನಮ್ಮ ಊರಿನ ಹಿರಿಯರೊಬ್ಬರು ಕೈಮುಗಿದು ನೋಡುವಂಥ ಭಾವಚಿತ್ರವನ್ನು ಬರೆದ. ಹಿರಿಯರು ಹೆಸರಿನಲ್ಲಿ ತಪ್ಪಿದರು. ಆ ಗೆರೆಗಳಲ್ಲಿರುವ ಗೌರವವನ್ನು ಗುರುತಿಸುವುದರಲ್ಲಿ ತಪ್ಪಲಿಲ್ಲವೆಂದೇ ನಾವು ತಿಳಿಯುತ್ತೇವೆ.

ಎರಡು ದಿನಗಳ ಅನಂತರ ಅವರು ಮರಳಿ ಬಂದಾಗ ನಾವು ಇದನ್ನೆಲ್ಲ ಇಷ್ಟು ಉದ್ದವಾಗಿ ಹೇಳಲಿಲ್ಲ. ಗ್ರಂಥವನ್ನು ತೆರೆದಿಟ್ಟು, ಹೆಸರು, ಕಾಲ, ಕಾಯಿಲೆಯ ಕಾರಣ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ಹಿರಿಯ ಮಗನೂ ಹೀಗೆಯೇ ಹೋದನೆಂದು, ನಮ್ಮ ಕಡೆ ನೋಡದೆ, ಒಂದೇ ಮಾತಿನಲ್ಲಿ ಹೇಳಿದರು. ನಮಗೆ ಅದು ತಿಳಿದಿರಲಿಲ್ಲ. ವರ್ಷಗಟ್ಟಲೆ ಆ ಚಿತ್ರವನ್ನು ರಟ್ಟಿಗೆ ಅಂಟಿಸಿ ಏಕೆ ಇಟ್ಟುಕೊಂಡಿದ್ದರೆಂದು ಕೇಳುವ ಧೈರ್ಯವೂ ಆಗಲಿಲ್ಲ.

ಕಟ್ಟು ಹಾಕಿಸುವ ಮಾತನ್ನು ಅವರೇ ಬಿಟ್ಟರು. ಚಿತ್ರವನ್ನು ಗ್ರಂಥಾಲಯದಲ್ಲಿ, ಆ ಗ್ರಂಥದ ಹಾಳೆಗಳ ನಡುವೆ, ಹಿಂಬದಿಗೆ ಹೆಸರು ಬರೆದು ಇಟ್ಟಿದ್ದೇವೆ. ಆಸಕ್ತಿಯುಳ್ಳವರು ಬಂದು ನೋಡಬಹುದು. ಹೊರಡುವ ಮುನ್ನ ಬಾಗಿಲ ಬಳಿ ನಿಂತು ಅವರು ಕೇಳಿದರು:

"ಸರ, ಆಗ್ರಾ ಮುಟ್ಟಿದ್ನೇನ್ರಿ ಅವ?"

"ಇಲ್ರಿ ಗೌಡ್ರ. ಅಪ್ಪಣೆ ಸಿಕ್ಕ ಮರುದಿನಾನ ತೀರಿಕೊಂಡ."